ಚರೆಯೊಳಗಿನ ಅಕ್ಷತೆ

ಟೂಂಗಾಬಿಯ ನನ್ನ ಅಡುಗೆಮನೆಯಲ್ಲಿ ಅಕ್ಷತೆ ಕಲಸುವಾಗಲೆಲ್ಲ, ಅರಿಶಿನದ ಜೊತೆಗೆ ವೆರಿಬೀಯಲ್ಲಿ ನಾನು ಬೆಳೆದ ಮನೆಯ ಗ್ಯಾರೇಜಿನ ಎಣ್ಣೆ ವಾಸನೆಯೂ ಮೂಗಿಗೆ ಬಡಿದಂತಾಗುತ್ತದೆ.

ಅಪ್ಪನಿಗೆ ಹಾರುವ ಮಣ್ಣಿನ ಬಿಲ್ಲೆಗಳಿಗೆ ಬಂದೂಕಿನಿಂದ ಗುರಿಯಿಟ್ಟು ಹೊಡೆಯುವ ಹುಚ್ಚು. ಖಾಲಿಯಾದ ತೋಟಾಗಳಿಗೆ ಗ್ಯಾರೇಜಿನಲ್ಲೇ ಮತ್ತೆ ಮದ್ದು ಮತ್ತು ಕಾಳಿನಂಥ ಸೀಸದ ಗುಂಡುಗಳ ಚರೆ ತುಂಬಿ, ಕೈಯಂತ್ರದಲ್ಲಿ ಒತ್ತಿ ಅವುಗಳ ಬಾಯಿ ಮಡಿಸುತ್ತಿದ್ದರು. ಆ ವರ್ಷ ಧಾರವಾಡದಿಂದ ಬಂದಿದ್ದ ಅಜ್ಜಿಗೆ ಈ ಪರದೇಶದ್ದು ಯಾವುದೂ ಹಿಡಿಸಿರಲಿಲ್ಲ. "ಲಗೂನ ಊರಿಗೆ ನನ್ನ ಟಿಕೆಟ್ ಮಾಡಸಪಾ" ಎಂದು ದಿನವೂ ಅನ್ನುತ್ತಿದ್ದಳು.

ಆಯುಧಪೂಜೆಯ ಮಧ್ಯಾಹ್ನ ಕಾರಿಗೂ ಲ್ಯಾಪ್‌ಟಾಪಿಗೂ ಪೂಜೆಯಾಯಿತು. ಬಂದೂಕು ಬೀಗ ಹಾಕಿದ ಕಪಾಟಿನಲ್ಲಿತ್ತು. ಅಜ್ಜಿ ಕೈಯಂತ್ರಕ್ಕೇ ಕುಂಕುಮ ಹಚ್ಚಿ, ಧಾರಾಳವಾಗಿ ಅಕ್ಷತೆ ಎರಚಿದಳು. ಪಕ್ಕದಲ್ಲಿ ಚರೆ ತುಂಬಿಕೊಂಡು ಬಾಯಿ ತೆರೆದು ನಿಂತಿದ್ದ ತೋಟಾಗಳ ಒಳಗೂ ಅಕ್ಕಿಕಾಳು ಇಳಿದವು.

ಅಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡಾಗ ಅಜ್ಜಿಯ ಮುಖ ಸಪ್ಪಗಾಯಿತು. ಅದನ್ನು ಕಂಡ ಅಪ್ಪ, ಚರೆಯನ್ನೆಲ್ಲ ಹಳೆಯ ತಟ್ಟೆಯೊಂದಕ್ಕೆ ಸುರಿದು ಅವಳ ಮುಂದಿಟ್ಟರು.

"ಅವ್ವಾ, ಇದನ್ನ ಆರಿಸಿ ಕೊಡ್ತೀಯೇನು? ನನಗ ಬರೂದಿಲ್ಲ."

ಕೈಗೆ ಸೀಸ ತಾಗದಂತೆ ಅಜ್ಜಿ ಅಮ್ಮನ ಪಾತ್ರೆ ತೊಳೆಯುವ ಹಳದಿ ಗ್ಲೌಸ್ ತೊಟ್ಟು ಕುಳಿತಳು. ಜೀವಮಾನವಿಡೀ ಅಕ್ಕಿಯಲ್ಲಿ ಕಲ್ಲು ಆರಿಸಿದವಳು, ಅಂದು ಚರೆಯಲ್ಲಿ ಅಕ್ಕಿ ಆರಿಸಿದಳು. ಅಪ್ಪ ಮತ್ತೆ ತುಂಬಿ ಯಂತ್ರ ಒತ್ತಿದಾಗ, ತೋಟಾದ ಬಾಯಿ ಮೊಗ್ಗಿನಂತೆ ಮಡಿಚಿಕೊಳ್ಳುವುದನ್ನು ಬಗ್ಗಿ ನೋಡಿದಳು. ಆಮೇಲೆ ಗ್ಲೌಸ್ ಕಳಚುತ್ತ ಅಪ್ಪನಿಗೆ ಹೇಳಿದಳು:

"ಮುಂದಿನ ವರ್ಷ ಪೂಜಾಕ್ಕ ಮೊದಲ ಎಲ್ಲಾದರ ಬಾಯಿ ಮುಚ್ಚಿಡಪಾ. ನಾ ಮತ್ತ ಮರ್ತು ಅಕ್ಷತಿ ಹಾಕೇಬಿಡ್ತೇನಿ."