ಅಶ್ವಥ್‌ನ ಅಪರೂಪದ ಕೇಸು

ಲತಾಮಣಿಯ ಬಟ್ಟೆಬ್ಯಾಗು ಆಗಲೇ ಆಟೋ ಹತ್ತಿ ಕೂತಿತ್ತು. ತಪ್ಪು ಸೊಸೆಯದೇ ಎಂದು ಡಾಕ್ಟರು ಹೇಳುವುದೇ ತಡ, ಅವಳನ್ನು ಆಸ್ಪತ್ರೆ ಬಾಗಿಲಿನಿಂದಲೇ ವಿರೂಪಾಕ್ಷಿಪುರದ ತವರಿಗೆ ಸಾಗಿಸುವುದೆಂದು ಅತ್ತೆ ಬೈರಮ್ಮ ತೀರ್ಮಾನಿಸಿದ್ದಳು. ಮದುವೆಯಾಗಿ ಐದು ವರ್ಷ, ಮಗುವಿಲ್ಲ. ಕನಕಪುರದ ಕಡೆ ಇನ್ನೊಂದು ಹೆಣ್ಣನ್ನು ನೋಡಿಯೂ ಆಗಿತ್ತು. ಬೈರಮ್ಮನದು ಯಾವಾಗಲೂ ಅಚ್ಚುಕಟ್ಟು ಕೆಲಸ.

ಆಟೋ ಬೋರಲಿಂಗಯ್ಯನದು. ಅಶ್ವಥ್‌ನ ದೊಡ್ಡಪ್ಪನ ಮಗ, ಪಕ್ಕದ ಮನೆಯವನು, ಮೂರು ಮಕ್ಕಳ ತಂದೆ. ತಮ್ಮೂರು ಹೊಂಗನೂರಿನಿಂದ ಚನ್ನಪಟ್ಟಣದ ಆಸ್ಪತ್ರೆಯವರೆಗೂ ಬೈರಮ್ಮ ಅವನನ್ನೇ ತೋರಿಸಿ ತೋರಿಸಿ ಮಗನನ್ನು ಚುಚ್ಚಿದಳು.

"ಅವನ್ನ ನೋಡ್ಲಾ. ಮದ್ವೆ ಆದ ವರ್ಸಕ್ಕೇ ತೊಟ್ಲು ಕಟ್ದ. ನಮ್ ಮನೇಲಿ ಕಟ್ಟಕ್ಕೆ ತೊಲೆ ಇಲ್ವಾ, ಹಗ್ಗ ಇಲ್ವಾ?"

ಬೋರಲಿಂಗಯ್ಯ ಕನ್ನಡಿ ನೋಡಿಕೊಂಡು ಮೀಸೆ ತಿರುವಿದ. ಅಶ್ವಥ್ ಸೀಟಿನಲ್ಲಿ ಇನ್ನಷ್ಟು ಕುಗ್ಗಿದ. ಲತಾಮಣಿ ಮಾತ್ರ ದಾರಿಯುದ್ದಕ್ಕೂ ಆ ಬ್ಯಾಗನ್ನೇ ನೋಡುತ್ತಿದ್ದಳು.

ಇಷ್ಟಕ್ಕೆಲ್ಲ ಕಾರಣ ಡಾಕ್ಟರ್ ಐಶ್ವರ್ಯ. ಸ್ತ್ರೀರೋಗ ವಿಭಾಗದಲ್ಲಿ ಉನ್ನತ ಓದು ಓದುತ್ತಿದ್ದ ಈಕೆ, ಮಕ್ಕಳಿಲ್ಲದ ದಂಪತಿಗಳ ಮೇಲೆ ಸಂಶೋಧನೆ ಹಿಡಿದಿದ್ದಳು. ಅವಳದೊಂದು ನಿಯಮ: ಗಂಡನ ವೀರ್ಯ ಪರೀಕ್ಷೆಯಾಗದೆ ಹೆಂಡತಿಯ ಬಗ್ಗೆ ಒಂದು ಮಾತೂ ಇಲ್ಲ. ಇದನ್ನು ಕೇಳಿದ್ದೇ ತಾಲ್ಲೂಕಿನ ಗಂಡಸರಿಗೆಲ್ಲ ಚಳಿಜ್ವರ. ಹೆಂಡತಿಯನ್ನು ಹತ್ತು ಸಲ ಸ್ಕ್ಯಾನಿಂಗ್‌ಗೆ ಮಲಗಿಸಿದ ವೀರರು, ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ ಕಂಡೊಡನೆ ರೇಷ್ಮೆಹುಳಕ್ಕೆ ಸೊಪ್ಪು ಹಾಕುವ ಹೊತ್ತಾಯಿತೆಂದು ಓಡುತ್ತಿದ್ದರು. ಆಸ್ಪತ್ರೆಯ ಬಚ್ಚಲಿಗೆ ಚಿಲಕವೂ ಇರಲಿಲ್ಲ, ಪಾಪ. ಕೊನೆಗೆ ಐಶ್ವರ್ಯಳೇ ಸೋತು, ಹತ್ತಿರದ ಊರಿನವರು ಮನೆಯಿಂದಲೇ ತರಬಹುದು, ಆದರೆ ಆರುವ ಮುಂಚೆ, ಅಂಗಿಯೊಳಗೆ ಮೈಬಿಸಿಯಲ್ಲಿಟ್ಟು ತರಬೇಕು ಎಂದಳು. ಅಶ್ವಥ್ ಹಾಗೇ ಎರಡು ಸಲ ತಂದುಕೊಟ್ಟಿದ್ದ. ಎರಡು ಸಲವೂ ಆಟೋ ಗಾಳಿಯಂತೆ ಬಂದಿತ್ತು.

ಇವತ್ತು ಫಲಿತಾಂಶ. ಗಂಡಹೆಂಡತಿ ಇಬ್ಬರೇ ಬನ್ನಿ ಎಂದರೆ ಬೈರಮ್ಮ ಕೇಳುವವಳೇ? ಮೊದಲ ಕುರ್ಚಿಯೇ ಅವಳದು.

"ಲತಾಮಣಿಗೆ ಯಾವ ತೊಂದರೆಯೂ ಇಲ್ಲ," ಎಂದಳು ಐಶ್ವರ್ಯ. "ತೊಂದರೆ ಇರೋದು ಇವರಿಗೆ. ಎರಡು ಸಲವೂ ವೀರ್ಯಾಣು ಒಂದೂ ಸಿಕ್ಕಿಲ್ಲ. ವೀರ್ಯದ ಉಳಿದ ಲಕ್ಷಣ ನೋಡಿದರೆ, ವೀರ್ಯಾಣು ಹೊರಗೆ ಬರುವ ನಾಳವೇ ಹುಟ್ಟುವಾಗಿನಿಂದ ಇಲ್ಲ ಅನಿಸುತ್ತೆ. ತುಂಬಾ ಅಪರೂಪ ಕಣ್ರೀ!"

ಕೊನೆಯ ಮಾತು ಹೇಳುವಾಗ ಅವಳ ಮುಖ ಅರಳಿಬಿಟ್ಟಿತ್ತು. ಮೈಸೂರಿನ ಸಮ್ಮೇಳನದಲ್ಲಿ ಮಂಡಿಸಲು ಒಳ್ಳೆಯ ಕೇಸು ಸಿಗದೆ ಒದ್ದಾಡುತ್ತಿದ್ದವಳು. ಎದುರಿಗಿರುವುದು ಒಂದು ಸಂಸಾರ ಎಂಬುದು ನೆನಪಾಗಿ, ನಗುವನ್ನು ಕೆಮ್ಮಿನಲ್ಲಿ ಮುಚ್ಚಿದಳು.

ಬೈರಮ್ಮ ಎದ್ದು ನಿಂತಳು. "ನಿನ್ ಮಿಸಿನ್ನಿಗೆ ಕಣ್ ಕಾಣಕ್ಕಿಲ್ವಾ ಡಾಕ್ಟ್ರವ್ವ? ನನ್ ಮಗ ಗುಂಡ್ಕಲ್ಲು ಇದ್ದಂಗವ್ನೆ!"

ಗುಂಡುಕಲ್ಲು ಬೆವರುತ್ತಿತ್ತು. "ಮೇಡಂ," ಎಂದ ಅಶ್ವಥ್. "ಇಂಗಿರೋರ್ಗೆ ಮಕ್ಳಾಗಿರೋದು ಎಲ್ಲಾದ್ರೂ ಉಂಟಾ?"

"ತಾವಾಗಿ ಆಗೋದಿಲ್ಲ."

"ಒಂದೂ?"

"ಒಂದೂ."

"ಸರ್ಯಾಗ್ ನೋಡಿ ಮೇಡಂ. ಒಂದಾದ್ರೂ..."

"ನಾಳವೇ ಇಲ್ಲದಿದ್ದರೆ ಎಲ್ಲಿಂದ ಆಗುತ್ತೆ?" ಐಶ್ವರ್ಯಳಿಗೆ ಕರುಣೆಯೂ ಬಂತು, ಬೇಸರವೂ ಬಂತು. "ನಮ್ಮ ದೊಡ್ಡ ಡಾಕ್ಟರು ದಯಾನಂದ್ ಸರ್ ಒಂದು ಸಲ ಕೈಯಿಂದ ಮುಟ್ಟಿ ನೋಡಲಿ. ನಾಳ ಇದೆಯೋ ಇಲ್ಲವೋ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ."

ಅಶ್ವಥ್ ಕುರ್ಚಿಯಿಂದ ಚಂಗನೆ ಹಾರಿದ. "ಅಯ್ಯಯ್ಯೋ ಬ್ಯಾಡಿ! ಮುಟ್ಟೋದ್ ಗಿಟ್ಟೋದ್ ಏನೂ ಬ್ಯಾಡಿ!"

ಗಂಡಸರ ನಾಚಿಕೆಗಿಷ್ಟು ಎಂದುಕೊಂಡು ಐಶ್ವರ್ಯ ಫೈಲು ಮಡಚಿದಳು.

ಬೈರಮ್ಮ ಮಗನ ತೋಳು ಹಿಡಿದು ಅಲುಗಾಡಿಸಿದಳು. "ಸುಳ್ಳು ಅನ್ಲಾ. ಇದು ನಿಂದಲ್ಲ ಅನ್ನು. ಬಾಯಿ ಬುಡ್ಲಾ!"

ಅಶ್ವಥ್ ಬಾಯಿ ತೆರೆದ. ಕಿಟಕಿಯಾಚೆ ಬೋರಲಿಂಗಯ್ಯ ಆಟೋ ಒರಗಿಕೊಂಡು ಎಳನೀರು ಕುಡಿಯುತ್ತಿದ್ದ, ಪಕ್ಕದಲ್ಲಿ ಅವನ ಜೊತೆ ಬಂದಿದ್ದ ಕಿರಿಮಗಳು ಪುಟ್ಟಿ ಎಳನೀರಿನೊಳಗಿನ ಗಂಜಿಗೆ ಕೈಚಾಚಿ ಕುಣಿಯುತ್ತಿದ್ದಳು. ಅವರಿಬ್ಬರನ್ನೂ ನೋಡಿದ. ಇತ್ತ ಲತಾಮಣಿಯನ್ನು ನೋಡಿದ. ಐದು ವರ್ಷದಲ್ಲಿ ಮೊದಲ ಸಲ ಅವಳು ತಲೆಯೆತ್ತಿ ಕೂತಿದ್ದಳು. ಅವನ ಬಾಯಿ ಮುಚ್ಚಿಕೊಂಡಿತು.

"ನಂದೇ ಕಣವ್ವ," ಎಂದ. "ಇವ್ಳದ್ದೇನೂ ತಪ್ಪಿಲ್ಲ. ಕನಕಪುರದೋರ್ಗೆ ಆಗಕ್ಕಿಲ್ಲ ಅಂತ ಹೇಳ್ಬುಡು. ಇನ್ಮೇಕೆ ಇವಳ್ನ ಯಾರೂ ಒಂದು ಮಾತ್ ಅನ್ನಂಗಿಲ್ಲ."

ಬೈರಮ್ಮ ಕುಸಿದು ಕೂತಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದಳು. ಲತಾಮಣಿ ಎಲ್ಲರೆದುರೇ ಗಂಡನ ಕೈ ಹಿಡಿದಳು. ಅವಳಿಗೆ ಸಂತೋಷವೂ ಆಗಿತ್ತು, ಗಂಡನ ಮೇಲೆ ಮರುಕವೂ ಆಗಿತ್ತು.

ಹೊರಡುವಾಗ ಅಶ್ವಥ್ ಹಿಂದೆ ಉಳಿದ. "ಮೇಡಂ, ಸೋಮವಾರ ನಾನೊಬ್ನೇ ಬತ್ತೀನಿ. ಇಲ್ಲೇ ಕೊಡ್ತೀನಿ, ಇನ್ನೊಂದ್ ಸಲ ನೋಡಿ."

"ಎಷ್ಟು ಸಲ ನೋಡಿದರೂ ಅಷ್ಟೇ ಅಶ್ವಥ್."

"ಆದ್ರೂ ಬತ್ತೀನಿ. ಚಿಲಕ ಇಲ್ದಿದ್ರೂ ಪರ್ವಾಗಿಲ್ಲ."

ಆಸೆ ಎಂಬುದು ಮನುಷ್ಯನನ್ನು ಎಷ್ಟು ಕಾಡುತ್ತದಪ್ಪಾ ಎಂದು ಐಶ್ವರ್ಯ ನಿಟ್ಟುಸಿರುಬಿಟ್ಟಳು.

ಹೆಂಗಸರಿಬ್ಬರೂ ಆಟೋದ ಹಿಂದೆ ಹತ್ತಿದರು. ಬೋರಲಿಂಗಯ್ಯ ಪುಟ್ಟಿಯನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಪಕ್ಕಕ್ಕೆ ಬಂದ ಅಶ್ವಥ್‌ನ ಕಿವಿಗೆ ಬಾಗಿ ಹಲ್ಲು ಬಿಟ್ಟ.

"ಏನಂದ್ರುಲಾ ಡಾಕ್ಟ್ರಮ್ಮ? ನಿನ್ ಹೆಸರ್ನಾಗೆ ಎರಡ್ ಸಲ ಕೊಟ್ಟಿವ್ನಿ, ನಂದು ನೋಡಿ ದಂಗಾಗೋಗಿರ್ಬೇಕಲ್ವಾ?"