ಮಸಾಲೆ ಕಂಪನಿಯ ಮೊದಲ ಬೆಂಚು

ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಮಸಾಲೆಪುಡಿ ಕಂಪನಿಯ ಮಾಲೀಕ ಮಹಾರುದ್ರಪ್ಪನವರು ತೆರೆದು ನೋಡಿದರೆ, ನಾಳೆಯೇ ಮುಚ್ಚಬೇಕೆಂದು ತಾವು ಆಜ್ಞೆ ಹೊರಡಿಸಿದ್ದ ಶಾಖೆಯ ಮುಖ್ಯಸ್ಥೆ ಶಾಲಿನಿ ನಿಂತಿದ್ದಳು.

"ಏನಮ್ಮ, ಮತ್ತೆ ಅದೇ ರಾಗಾನಾ? ಸಿಬ್ಬಂದಿಗೆ ಅಂಕಿಅಂಶದ ತರಬೇತಿ ಕೊಡ್ಸಿ ಅಂತ? ಖಾರ ಕುಟ್ಟೋರಿಗೆ ಕಾಲೇಜು ಯಾತಕ್ಕೆ?"

"ನಮ್ಮ ಶಾಖೆ ನಷ್ಟದಲ್ಲಿಲ್ಲ ಸರ್. ಎಲ್ಲರಿಗಿಂತ ಹೆಚ್ಚು ಮಾರಿದ್ದೇ ನಾವು. ಶಾಖೆ ಮುಚ್ಚೋ ತೀರ್ಮಾನವಾದ ಸಭೆಗೆ ಬಂದ ಪಟ್ಟಿಯಲ್ಲಿ ಒಂದೂರಿನ ಮಾರಾಟ ಇನ್ನೊಂದೂರಿನ ಹೆಸರಿಗೆ ಸೇರಿಹೋಗಿದೆ. ಅಂಕಿ ನೋಡೋಕೆ ಬರೋರು ಒಬ್ಬರಿದ್ದಿದ್ರೂ ಹೀಗಾಗ್ತಿರಲಿಲ್ಲ."

ಅವಳು ಮೊಬೈಲಿನಲ್ಲಿ ತೋರಿಸಿದ ಬಿಲ್ಲುಗಳನ್ನು ನೋಡುತ್ತಿದ್ದಂತೆ ಮಹಾರುದ್ರಪ್ಪನವರ ಮುಖ ಕೆಂಪೇರಿತು. ಗುಮಾಸ್ತರ ಬುದ್ಧಿಯೇ ಇಷ್ಟು. ಸಂಬಳ ಎಣಿಸಿಕೊಳ್ಳುವಾಗ ಮಾತ್ರ ಯಾರೂ ಲೆಕ್ಕ ತಪ್ಪುವುದಿಲ್ಲ, ಎಂದುಕೊಂಡರು.

"ಆಯ್ತು, ನಿನ್ನ ಶಾಖೆ ಉಳೀತು. ತರಬೇತಿನೂ ಮಂಜೂರು. ಆದ್ರೆ ಈ ಘನಕಾರ್ಯ ಮಾಡಿದ ಕತ್ತೆ ಮೊದಲನೇ ಬೆಂಚಲ್ಲಿ ಕೂರ್ಬೇಕು, ಎಲ್ಲರ ಕಣ್ಣಿಗೂ ಬೀಳೋ ಹಾಗೆ. ಯಾವ ಮುಲಾಜೂ ಬೇಡ."

"ಮಾತು ಬದಲಾಯಿಸಲ್ಲ ತಾನೇ ಸರ್?"

"ನನ್ನ ಮಾತು ಅಂದ್ರೆ ಕಲ್ಲಲ್ಲಿ ಕೆತ್ತಿದ ಹಾಗೆ. ಹೆಸರು ಹೇಳಮ್ಮ, ಯಾರವನು?"

ಶಾಲಿನಿ ಮೊಬೈಲನ್ನು ಚೀಲಕ್ಕೆ ಸೇರಿಸಿದಳು.

"ಕಚೇರಿಯಿಂದ ಸರಿಯಾಗಿ ಬಂದ ಪಟ್ಟೀಲಿ, ಸಭೆಗೆ ಚೆಂದ ಕಾಣಲಿ ಅಂತ, ಊರ ಹೆಸರುಗಳನ್ನ ಇದ್ದಲ್ಲೇ ಬಿಟ್ಟು ಮೊತ್ತಗಳನ್ನಷ್ಟೇ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ್ದು ಮಹಾರುದ್ರಪ್ಪನವರು, ಸರ್."