ರಕ್ತಸಂಬಂಧ ಡಯಟ್

ಈ ಹೊಸ ಡಯಟ್‌ನಲ್ಲಿ ಬೇಕಾದ್ದು ತಿನ್ನಬಹುದು, ಕೊಬ್ಬು ಮಾತ್ರ ಸಹಿ ಹಾಕಿದ ರಕ್ತಸಂಬಂಧಿಯ ಮೈಗೆ ಹೋಗುತ್ತಿತ್ತು. ಮಗಳು ಮೇಘಶ್ರೀಗೆ ಮದುವೆಯಾದರೆ ಸಾಕೆಂದು ಕಾತ್ಯಾಯಿನಿ ಸಹಿ ಹಾಕಿದ್ದಳು. ಆರೇ ತಿಂಗಳಲ್ಲಿ ಮಗಳು ಬಳ್ಳಿಯಂತಾದಳು. ತಾಯಿಗೆ ಮೆಟ್ಟಿಲು ಹತ್ತುವುದೂ ಕಷ್ಟವಾಯಿತು.

ಗಂಡಿನ ಕಡೆಯವರು ಬಂದ ದಿನ ಮೇಘಶ್ರೀ, "ನೀನು ಹೊರಗೆ ಬರ್ಬೇಡಮ್ಮ," ಎಂದು ಅಡುಗೆಮನೆಯ ಬಾಗಿಲು ಎಳೆದುಕೊಂಡಳು. ಹುಡುಗಿ ಎಲ್ಲರಿಗೂ ಹಿಡಿಸಿದಳು. ಆದರೆ ಹುಡುಗನ ತಾಯಿ, "ಬೀಗಿತ್ತೀನ ನೋಡ್ದೆ ಹ್ಯಾಗೆ ಹೋಗೋದು?" ಎನ್ನುತ್ತ ಎದ್ದು ಬಾಗಿಲು ತೆರೆದರು. ಕಾತ್ಯಾಯಿನಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಏಳ್ರೋ, ಹೋಗೋಣ."

ಅವರ ಕಾರು ಹೊರಟ ಮೇಲೆ ಮೇಘಶ್ರೀ ಅಳಲಿಲ್ಲ. ತಾಯಿಯ ಎದುರಿಗೇ ಕುಳಿತು, ಆಕೆಯ ಮುಖವನ್ನೇ ನೋಡುತ್ತ, ಮಿಕ್ಕ ಕೇಸರಿಬಾತನ್ನು ತುತ್ತು ತುತ್ತಾಗಿ ತಿನ್ನತೊಡಗಿದಳು.

ಕಾತ್ಯಾಯಿನಿಯ ಕೈಬಳೆಗಳು ಬಿಗಿಯತೊಡಗಿದವು.